ಎಂಟು ತೋಳುಗಳ ಸಾಕ್ಷಿ: ಪಾಲಿನೇಷ್ಯದ ಕಡಲ ಪುರಾಣದಲ್ಲಿ ಆಕ್ಟೋಪಸ್ ಪ್ರತೀಕ

ಪರದೇಶದ ಪುರಾಣಗಳನ್ನು ಓದುವವನಿಗೆ ಎರಡು ಅಪಾಯಗಳುಂಟು. ಅವೆಲ್ಲ ನಮ್ಮಲ್ಲಿಯೂ ಇವೆಯೆಂದು ಭ್ರಮಿಸುವುದು ಒಂದು. ನಮ್ಮವಲ್ಲವಾದ ಕಾರಣ ಅವು ವಿಚಿತ್ರವಾಗಿಯೇ ಇರಬೇಕೆಂದು ಹಂಬಲಿಸುವುದು ಇನ್ನೊಂದು. ಮೊದಲನೆಯದು ಪಂಡಿತರನ್ನು ಹಿಡಿಯುವ ಬೇನೆ, ಎರಡನೆಯದು ರಸಿಕರನ್ನು. ಕನ್ನಡ ಅಧ್ಯಾಪಕನಾದ ನನಗೆ ಎರಡೂ ಬಂದು ಹೋಗಿವೆ. ಎರಡನೆಯದರಿಂದ ಈಚೆಗಷ್ಟೇ ಚೇತರಿಸಿಕೊಂಡಿದ್ದೇನೆ. ಅದರ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಬಿ.ಎ. ತರಗತಿಯಲ್ಲಿ ಪ್ರತಿಮೆ ಮತ್ತು ಪ್ರತೀಕಗಳ ಪಾಠ ಮಾಡುವಾಗ ಹತ್ತು ವರ್ಷಗಳಿಂದ ನಾನು ಒಂದು ಉದಾಹರಣೆಯನ್ನು ತಪ್ಪದೆ ಕೊಡುತ್ತಿದ್ದೆ. ಹವಾಯಿ ದ್ವೀಪದವರ ಸೃಷ್ಟಿಕಾವ್ಯವೊಂದಿದೆ. ಅದರ ಪ್ರಕಾರ ಜಗತ್ತು ಒಂದಲ್ಲ, ಒಂದರ ಮೇಲೊಂದು ಹುಟ್ಟಿ ಅಳಿದ ಅನೇಕ ಜಗತ್ತುಗಳ ಸಾಲಿನಲ್ಲಿ ನಮ್ಮದು ಕೊನೆಯದು. ಹಿಂದಿನ ಜಗತ್ತು ಮುಳುಗಿದಾಗ ಅದರಿಂದ ಉಳಿದುಬಂದ ಜೀವಿ ಒಂದೇ ಒಂದು, ಅದು ಆಕ್ಟೋಪಸ್. ಹೊಸ ಲೋಕದ ಕಡಲಿನಲ್ಲಿ ಅದು ಪರಕೀಯನಂತೆ ಈಜುತ್ತ, ಹುಟ್ಟುವುದನ್ನೂ ಸಾಯುವುದನ್ನೂ ನೋಡುತ್ತಿರುತ್ತದೆ. ‘ಸಾಕ್ಷಿ’ ಎಂಬ ಭಾವಕ್ಕೆ ಇದಕ್ಕಿಂತ ದೊಡ್ಡ ಪ್ರತೀಕವನ್ನು ಯಾವ ಸಾಹಿತ್ಯ ಕೊಟ್ಟಿದೆ ಎಂದು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದೆ. ಹುಡುಗರು ಬೆರಗಾಗುತ್ತಿದ್ದರು. ಅವರ ಬೆರಗನ್ನು ನೋಡಿ ನನಗೂ ಸಂತೋಷವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದೇಕೆ?

ಈ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿ ಪಾಠ ಮುಗಿದ ಮೇಲೆ ಬಳಿಗೆ ಬಂದಳು. “ಸಾರ್, ಆ ಕಾವ್ಯದಲ್ಲಿ ಅದು ಎಷ್ಟನೇ ಭಾಗದಲ್ಲಿ ಬರುತ್ತೆ? ನಾನು ಇಂಗ್ಲಿಷ್ ಅನುವಾದ ಪೂರ್ತಿ ಓದಿದೆ, ಸಿಗಲಿಲ್ಲ” ಎಂದಳು. ನಾನು ಅನುವಾದವನ್ನು ಓದಿರಲಿಲ್ಲ. ಎಲ್ಲೋ ಓದಿದ ಒಂದು ವಾಕ್ಯವನ್ನು ಮಾತ್ರ ಓದಿದ್ದೆ. “ನಾಳೆ ಹೇಳುತ್ತೇನಮ್ಮ” ಎಂದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು.

ಆ ಕಾವ್ಯದ ಹೆಸರು ‘ಕುಮುಲಿಪೊ’. ಅರಸುಕುಲದ ಶಿಶುವಿನ ವಂಶವನ್ನು ಸೃಷ್ಟಿಯ ಮೊದಲ ಕತ್ತಲಿನವರೆಗೆ ಒಯ್ದು ಜೋಡಿಸುವ ವಂಶಾವಳಿಯ ಗಾನ ಅದು. ಎರಡು ಸಾವಿರಕ್ಕೂ ಹೆಚ್ಚು ಸಾಲುಗಳು, ಹದಿನಾರು ಭಾಗಗಳು. ಮೊದಲ ಏಳು ಭಾಗಗಳು ‘ಪೋ’ ಎಂಬ ಕತ್ತಲಿಗೆ ಸೇರಿದವು, ಉಳಿದ ಒಂಬತ್ತು ‘ಆವೊ’ ಎಂಬ ಬೆಳಕಿಗೆ. ಕತ್ತಲಿನಲ್ಲಿ ಮೊದಲು ಹುಟ್ಟುವುದು ಹವಳದ ಹುಳು. ಆಮೇಲೆ ನಕ್ಷತ್ರಮೀನು, ಕಡಲಿನ ಮುಳ್ಳುಜೀವಿಗಳು, ಚಿಪ್ಪುಗಳು. ಹೀಗೆ ಸಣ್ಣದರಿಂದ ದೊಡ್ಡದಕ್ಕೆ ಏರುತ್ತ ಎಂಟನೆಯ ಭಾಗದಲ್ಲಿ ಬೆಳಕು ಹರಿದು ಮನುಷ್ಯನೂ ದೇವತೆಗಳೂ ಹುಟ್ಟುತ್ತಾರೆ. ಇದರ ಹವಾಯಿ ಪಾಠವನ್ನು ಅರಸ ಕಲಾಕಾವ 1889ರಲ್ಲಿ ಅಚ್ಚು ಹಾಕಿಸಿದ. ಅವನ ತಂಗಿ, ಹವಾಯಿಯ ಕೊನೆಯ ರಾಣಿ ಲಿಲಿಯುವೊಕಲಾನಿ, ಇದನ್ನು ಇಂಗ್ಲಿಷಿಗೆ ತಂದಳು. ಆಕೆಯನ್ನು 1893ರಲ್ಲಿ ಪಟ್ಟದಿಂದ ಇಳಿಸಲಾಗಿತ್ತು. 1895ರಲ್ಲಿ ತನ್ನ ಅರಮನೆಯ ಕೋಣೆಯೊಂದರಲ್ಲೇ ಸೆರೆಯಾಗಿದ್ದಾಗ ಆಕೆ ಈ ಅನುವಾದದಲ್ಲಿ ತೊಡಗಿದ್ದಳು. ಅದು 1897ರಲ್ಲಿ ಪ್ರಕಟವಾಯಿತು. ರಾಜ್ಯವನ್ನು ಕಳೆದುಕೊಂಡವಳು ವಂಶಗಾನವನ್ನು ಅನುವಾದಿಸುತ್ತ ಕುಳಿತ ಆ ದೃಶ್ಯವನ್ನು ಓದುಗರು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಬೇಕು. ಆಕೆಗೆ ಅದು ಪುರಾಣವೂ ಹೌದು, ಹಕ್ಕುಪತ್ರವೂ ಹೌದು. ಮುಂದೆ 1951ರಲ್ಲಿ ಮಾರ್ಥಾ ಬೆಕ್‌ವಿತ್ ಎಂಬ ವಿದುಷಿ ಟಿಪ್ಪಣಿಸಹಿತವಾಗಿ ಇನ್ನೊಂದು ಅನುವಾದವನ್ನು ಪ್ರಕಟಿಸಿದರು.

ರಾಣಿಯ ಅನುವಾದವನ್ನು ಓದಿದೆ. ಬೆಕ್‌ವಿತ್ತರ ಅನುವಾದವನ್ನೂ ಓದಿದೆ. ಹಿಂದಿನ ಜಗತ್ತಿನಿಂದ ಉಳಿದುಬಂದ ಒಂಟಿ ಆಕ್ಟೋಪಸ್ ಎರಡರಲ್ಲಿಯೂ ಸಿಗಲಿಲ್ಲ. ಹುಡುಗಿ ಹೇಳಿದ್ದು ನಿಜವಾಗಿತ್ತು.

ಹಾಗಾದರೆ ಆ ಮಾತು ಎಲ್ಲಿಂದ ಬಂತು? ಜರ್ಮನಿಯ ಮಾನವಶಾಸ್ತ್ರಜ್ಞ ಆಡಾಲ್ಫ್ ಬಾಸ್ಟಿಯನ್ 1880ರಲ್ಲಿ ಹವಾಯಿಗೆ ಹೋಗಿದ್ದಾಗ ಕಲಾಕಾವನ ಹಸ್ತಪ್ರತಿಯನ್ನು ನೋಡಿ, ಅದರ ಭಾಗಗಳನ್ನು ಮರುವರ್ಷವೇ ತನ್ನ ಜರ್ಮನ್ ಗ್ರಂಥದಲ್ಲಿ ಪ್ರಕಟಿಸಿದ. ಆ ಗ್ರಂಥವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ವಿದ್ವಾಂಸ ರೋಲಂಡ್ ಡಿಕ್ಸನ್ 1916ರಲ್ಲಿ ಸಾಗರದ್ವೀಪಗಳ ಪುರಾಣದ ಬಗೆಗೆ ಒಂದು ಪುಸ್ತಕ ಬರೆದ. ಎಲ್ಲವನ್ನೂ ನೋಡುತ್ತ ಈಜುವ, ಹಿಂದಿನ ಲೋಕದ ಒಂಟಿ ಉಳಿಕೆಯಾದ ಆಕ್ಟೋಪಸ್ ಇಂಗ್ಲಿಷ್ ಓದುಗರಿಗೆ ಸಿಕ್ಕಿದ್ದು ಈ ಪುಸ್ತಕದಲ್ಲಿ. ಅಲ್ಲಿಂದ ಅದು ಪ್ರಾಣಿಶಾಸ್ತ್ರದ ಜನಪ್ರಿಯ ಲೇಖನಗಳಿಗೆ, ಅಲ್ಲಿಂದ ನನ್ನಂಥ ಅಧ್ಯಾಪಕರ ಟಿಪ್ಪಣಿ ಪುಸ್ತಕಕ್ಕೆ ಈಜಿಕೊಂಡು ಬಂದಿತು. ಹವಾಯಿ ಭಾಷೆಯಿಂದ ಜರ್ಮನ್, ಜರ್ಮನ್ನಿನಿಂದ ಇಂಗ್ಲಿಷ್, ಇಂಗ್ಲಿಷಿನಿಂದ ನನ್ನ ಬಾಯಿಯ ಕನ್ನಡ! ಇಷ್ಟು ನೀರು ದಾಟಿ ಬಂದ ಪದಾರ್ಥದಲ್ಲಿ ಮೂಲದ ಉಪ್ಪು ಎಷ್ಟು ಉಳಿದೀತು?

ಆ ವಾಕ್ಯ ಸುಂದರವಲ್ಲವೆಂದು ನಾನು ಹೇಳುತ್ತಿಲ್ಲ. ಡಾರ್ವಿನ್ನನ ಕಾಲದ ಯೂರೋಪಿಯನ್ ಮನಸ್ಸು, ಜೀವಿಗಳು ಒಂದರ ಮೇಲೊಂದು ಏರಿ ಬರುವ ಕಥೆಯನ್ನು ಹವಾಯಿಯ ಗಾನದಲ್ಲಿ ಕಂಡು ಪುಳಕಗೊಂಡದ್ದು ಸಹಜವೇ. ಅದನ್ನು ಆ ಕಾಲದ ವಿದ್ವಾಂಸರ ಕಲ್ಪನೆಯೆಂದು ಹೆಸರಿಟ್ಟು ಓದಿದರೆ ಯಾವ ದೋಷವೂ ಇಲ್ಲ. ಅದಕ್ಕೆ ಹವಾಯಿಯ ಜನರ ಹೆಸರನ್ನು ಹಚ್ಚಿದಾಗ ಮಾತ್ರ ನಾವು ಒಬ್ಬರ ಸೊತ್ತನ್ನು ಇನ್ನೊಬ್ಬರ ಮನೆಯಲ್ಲಿಟ್ಟಂತಾಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಬೇರೊಂದಿದೆ: ಆ ಮನೆಯಲ್ಲಿ ಮೊದಲೇ ಇದ್ದ ಸೊತ್ತು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಮೊದಲೇ ಇದ್ದದ್ದೇನು? ಕುಮುಲಿಪೊದ ಎಂಟನೆಯ ಭಾಗದಲ್ಲಿ, ಬೆಳಕು ಹರಿಯುವ ಹೊತ್ತಿನಲ್ಲಿ, ಲಾಇಲಾಇ ಎಂಬ ಹೆಣ್ಣು, ಕಿಇ ಎಂಬ ಗಂಡು, ಕಾನೆ ಎಂಬ ದೇವತೆ ಹುಟ್ಟುತ್ತಾರೆ. ಅವರೊಡನೆ ಕನಲೋವ ಹುಟ್ಟುತ್ತಾನೆ. ಅವನನ್ನು ಆಕ್ಟೋಪಸ್ ಎಂದೇ ಕರೆದಿದೆ. ಆ ಆಕ್ಟೋಪಸ್ಸಿಗೆ ಹಚ್ಚಿದ ವಿಶೇಷಣವನ್ನು ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಬಿಡಿಸುತ್ತಾರೆ. ದುರ್ಗಂಧವೆಂದು ಓದುವವರೂ ಇದ್ದಾರೆ. ಕ್ರೈಸ್ತ ಧರ್ಮ ಬಂದ ಮೇಲೆ ಹತ್ತೊಂಬತ್ತನೆಯ ಶತಮಾನದ ಕೆಲವು ಬರೆಹಗಾರರು ಕನಲೋವನನ್ನು ಸೈತಾನನ ಪೀಠದಲ್ಲಿ ಕೂರಿಸಿದರು. ಆದರೆ ಹಳೆಯ ಕಥೆಗಳಲ್ಲಿ ಅವನು ಕಾನೆಯ ಸಂಗಾತಿ. ಇಬ್ಬರೂ ಕೂಡಿ ತಿರುಗುತ್ತ ಬಂಡೆಗಳಲ್ಲಿ ಸಿಹಿನೀರಿನ ಬುಗ್ಗೆಗಳನ್ನು ತೆರೆಯುತ್ತಾರೆ. ಸುತ್ತಲೂ ಉಪ್ಪುನೀರಿರುವ ದ್ವೀಪದಲ್ಲಿ ಸಿಹಿನೀರನ್ನು ಕೊಡುವವನು ಸೈತಾನನಾಗುವುದು ಹೇಗೆ? ಇದೇ ಕನಲೋವ ನ್ಯೂಜಿಲೆಂಡಿನ ಮಾವೊರಿ ಜನರಲ್ಲಿ ತಂಗರೋವ ಎಂಬ ಕಡಲದೇವ. ತಹೀತಿಯಲ್ಲಿ ತಾಅರೋವ ಎಂಬ ಸೃಷ್ಟಿಕರ್ತ. ಹೆಸರು ಒಂದೇ, ಪದವಿ ಬೇರೆ ಬೇರೆ.

ಇನ್ನು ಆ ಪ್ರಾಣಿಯ ಹೆಸರನ್ನೇ ನೋಡೋಣ. ಹವಾಯಿ ಭಾಷೆಯಲ್ಲಿ ಆಕ್ಟೋಪಸ್ಸಿಗೆ ‘ಹೆಎ’ ಎನ್ನುತ್ತಾರೆ. ಅದೇ ಪದಕ್ಕೆ ಜಾರು, ಕರಗು, ಓಡಿಹೋಗು ಎಂಬ ಅರ್ಥಗಳೂ ಉಂಟು. ಅಲೆಯ ಮೇಲೆ ಹಲಗೆಯಿಟ್ಟು ಜಾರುವ, ಈಗ ಜಗತ್ತೆಲ್ಲ ಆಡುವ ಆ ಆಟಕ್ಕೂ ಅಲ್ಲಿ ‘ಹೆಎ ನಲು’ ಎಂದೇ ಹೆಸರು. ಹಿಂದೆ ಮಾಟದಿಂದ ಬಂದುದೆಂದು ನಂಬಿದ ಕಾಯಿಲೆಗೆ ಚಿಕಿತ್ಸೆ ಮಾಡುವಾಗ ಹವಾಯಿಯ ವೈದ್ಯರು ಆಕ್ಟೋಪಸ್ಸನ್ನು ಬಳಸುತ್ತಿದ್ದರು, ಕನಲೋವನನ್ನು ಪ್ರಾರ್ಥಿಸುತ್ತಿದ್ದರು. ಹೆಎಯನ್ನು ಕೊಟ್ಟರೆ ರೋಗ ಹೆಎ ಆಗಬೇಕು, ಎಂದರೆ ಜಾರಿ ಓಡಿಹೋಗಬೇಕು. ನಮ್ಮ ಅಲಂಕಾರಶಾಸ್ತ್ರ ಓದಿದವರಿಗೆ ಇದು ಏನೆಂದು ಹೇಳಿಕೊಡಬೇಕಾಗಿಲ್ಲ, ಇದು ಶ್ಲೇಷ. ಆದರೆ ನಮ್ಮ ಚಂಪೂ ಕವಿಗಳ ಕೈಯಲ್ಲಿ ಶ್ಲೇಷ ಬಹುಮಟ್ಟಿಗೆ ಪಾಂಡಿತ್ಯದ ವಿಲಾಸ. ಇಲ್ಲಿ ಜ್ವರದಿಂದ ನರಳುವವನ ಹಾಸಿಗೆಯ ಪಕ್ಕದಲ್ಲಿ ಕೂತ ಶ್ಲೇಷ. ‘ಆಕ್ಟೋಪಸ್’ ಎಂದು ಅನುವಾದಿಸಿದ ಕೂಡಲೇ ಶ್ಲೇಷ ಸತ್ತು ಪ್ರಾಣಿಯೊಂದೇ ಉಳಿಯುತ್ತದೆ. ಆಮೇಲೆ ಆ ಬರಿಯ ಪ್ರಾಣಿಗೆ ನಾವು ನಮಗೆ ತೋಚಿದ ಅರ್ಥವನ್ನು ತುಂಬುತ್ತೇವೆ. ನಾನು ತುಂಬಿದ್ದೂ ಹೀಗೆಯೇ.

ಕುಮುಲಿಪೊದ ಮೊದಲ ಭಾಗಗಳಲ್ಲಿಯೂ ಇದೇ ಬಗೆಯ ನುಡಿಗೆಲಸವಿದೆ. ಕಡಲಿನಲ್ಲಿ ಒಂದು ಜೀವ ಹುಟ್ಟಿದರೆ ಅದನ್ನು ಕಾಯಲು ನೆಲದ ಮೇಲೆ ಒಂದು ಗಿಡ ಹುಟ್ಟುತ್ತದೆ. ಎಷ್ಟೋ ಕಡೆ ಆ ಎರಡಕ್ಕೂ ಇರುವ ನಂಟು ಹೆಸರಿನ ಧ್ವನಿಸಾಮ್ಯ. ಪ್ರಾಸವೇ ಅಲ್ಲಿ ರಕ್ತಸಂಬಂಧ. ಇಂಥ ಕಾವ್ಯದಲ್ಲಿ ಪ್ರತೀಕವನ್ನು ಅರ್ಥದಲ್ಲಿ ಮಾತ್ರ ಹುಡುಕಿದರೆ ಸಾಲದು, ಶಬ್ದದಲ್ಲಿಯೂ ಹುಡುಕಬೇಕು.

ಹವಾಯಿಯಿಂದ ದಕ್ಷಿಣಕ್ಕೆ ಬರೋಣ. ಹವಾಯಿ, ನ್ಯೂಜಿಲೆಂಡ್, ರಾಪಾ ನುಯಿ ಎಂಬ ಈಸ್ಟರ್ ದ್ವೀಪ—ಈ ಮೂರನ್ನು ಮೂಲೆಗಳಾಗಿ ಇಟ್ಟು ಗೆರೆಯೆಳೆದರೆ ಆಗುವ ಮಹಾತ್ರಿಕೋನವೇ ಪಾಲಿನೇಷ್ಯ. ಇಷ್ಟು ವಿಶಾಲವಾದ ನೀರಿನಲ್ಲಿ ಆಕ್ಟೋಪಸ್ಸಿನ ಹೆಸರು ಒಂದೇ: ತೊಂಗದಲ್ಲಿ ಫೆಕೆ, ಸಮೋವ ಮತ್ತು ತಹೀತಿಗಳಲ್ಲಿ ಫೆಎ, ಮಾವೊರಿಯಲ್ಲಿ ವ್ಹೆಕೆ, ಹವಾಯಿಯಲ್ಲಿ ಹೆಎ. ಹೆಸರಿನೊಡನೆ ಒಂದು ಕಥೆಯೂ ದ್ವೀಪದಿಂದ ದ್ವೀಪಕ್ಕೆ ಹೋಗಿದೆ. ಒಂದು ದೋಣಿಯಲ್ಲಿ ಇಲಿಯೂ ಬೇರೆ ಕೆಲವು ಪ್ರಾಣಿಗಳೂ ಹೊರಟವು. ಸಂಗಡಿಗರು ಯಾರೆಂಬುದು ದ್ವೀಪದಿಂದ ದ್ವೀಪಕ್ಕೆ ಬದಲಾಗುತ್ತದೆ, ಇಲಿ ಮಾತ್ರ ಬದಲಾಗುವುದಿಲ್ಲ. ದೋಣಿ ಮುಳುಗಿತು. ಈಜಲು ಬಾರದ ಇಲಿಯನ್ನು ಆಕ್ಟೋಪಸ್ ತಲೆಯ ಮೇಲೆ ಕೂರಿಸಿಕೊಂಡು ದಡ ಮುಟ್ಟಿಸಿತು. ದಡಕ್ಕೆ ಹಾರಿದ ಇಲಿ ನಕ್ಕು, “ತಲೆ ಮುಟ್ಟಿ ನೋಡಿಕೋ” ಎಂದಿತು. ಉಪಕಾರ ಮಾಡಿದವನ ತಲೆಯನ್ನೇ ಅದು ಹೊಲಸು ಮಾಡಿತ್ತು. ಅಂದಿನಿಂದ ಆಕ್ಟೋಪಸ್ಸಿಗೆ ಇಲಿಯನ್ನು ಕಂಡರೆ ಆಗದು.

ನಮಗೆ ಇದನ್ನು ಓದುವಾಗ ಪಂಚತಂತ್ರದ ಕಪಿ ಮತ್ತು ಮೊಸಳೆಯ ನೆನಪಾಗುವುದು ಸ್ವಾಭಾವಿಕ. ಆದರೆ ಅಲ್ಲಿ ಹೊತ್ತವನು ಮೋಸಗಾರ, ಕೂತವನು ಜಾಣ. ಇಲ್ಲಿ ಹೊತ್ತವನು ಉಪಕಾರಿ, ಕೂತವನು ಕೃತಘ್ನ. ನಮ್ಮ ಕಥೆ ನೀತಿಯಲ್ಲಿ ಮುಗಿಯುತ್ತದೆ. ಅವರ ಕಥೆ ಮೀನುಗಾರಿಕೆಯಲ್ಲಿ ಮುಗಿಯುತ್ತದೆ. ತೊಂಗದ ಬೆಸ್ತರು ಕಲ್ಲಿಗೆ ಕವಡೆಯ ಚಿಪ್ಪನ್ನು ಕಟ್ಟಿ, ಹಿಂದೆ ಒಂದು ಬಾಲವನ್ನು ಇಟ್ಟು ಇಲಿಯ ಆಕಾರದ ಗಾಳವನ್ನು ಮಾಡುತ್ತಾರೆ. ಅದನ್ನು ನೀರಿನಲ್ಲಿ ಕುಣಿಸಿದರೆ ಆಕ್ಟೋಪಸ್ ಬಂದು ಹಿಡಿಯುತ್ತದೆ. ಹಿಡಿದ ಮೇಲೆ ಬಿಡುವುದಿಲ್ಲ. ಹಳೆಯ ಅವಮಾನವನ್ನು ಮರೆಯಲಾರದವನು ಆ ಅವಮಾನದ ನೆಪದಲ್ಲಿಯೇ ಸಿಕ್ಕಿಬೀಳುತ್ತಾನೆ. ಕಥೆಯನ್ನು ಕೇಳಿದ ಮಗು ನಕ್ಕು ಮಲಗಬಹುದು. ದೊಡ್ಡವರಿಗೆ ಅಷ್ಟು ಸುಲಭವಾಗಿ ನಿದ್ದೆ ಬಾರದು.

ಸಮೋವದಲ್ಲಿ ಫೆಎ ಯುದ್ಧದೇವತೆಯೂ ಹೌದು. ಉಪೋಲು ದ್ವೀಪದ ಅಪಿಯ ಪಟ್ಟಣದ ಹಿಂದಿನ ಬೆಟ್ಟಗಾಡಿನಲ್ಲಿ ಕರಿಗಲ್ಲಿನ ಕಂಬಗಳ ಒಂದು ಹಾಳುಗೆಡವಿದ ಕಟ್ಟಡವಿದೆ. ಅದಕ್ಕೆ ‘ಫೆಎಯ ಮನೆ’ ಎಂದೇ ಹೆಸರು. ಅಲ್ಲಿ ಮಿಷನರಿಯಾಗಿದ್ದ ಜಾರ್ಜ್ ಟರ್ನರ್ 1884ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಮೋವದವರ ಮನೆದೇವರುಗಳ ವಿವರವಿದೆ. ಒಂದು ಮನೆತನಕ್ಕೆ ಈಲ್ ಮೀನಿನಲ್ಲಿ ದೇವರು, ಇನ್ನೊಂದಕ್ಕೆ ಆಮೆಯಲ್ಲಿ, ಮತ್ತೊಂದಕ್ಕೆ ಆಕ್ಟೋಪಸ್ಸಿನಲ್ಲಿ. ತನ್ನ ದೇವರಿರುವ ಪ್ರಾಣಿಯನ್ನು ಯಾರೂ ತಿನ್ನುವುದಿಲ್ಲ. ನೆರೆಯವನ ದೇವರಿರುವ ಪ್ರಾಣಿಯನ್ನು ಮಾತ್ರ ನಿಶ್ಚಿಂತೆಯಿಂದ ತಿನ್ನುತ್ತಾರೆ! ‘ಪಾಲಿನೇಷ್ಯದಲ್ಲಿ ಆಕ್ಟೋಪಸ್ ಎಂದರೆ ಇಂಥ ಅರ್ಥ’ ಎಂದು ಒಂದೇ ಏಟಿಗೆ ಸೂತ್ರ ಬರೆಯಹೊರಟವರು ಇದನ್ನು ಗಮನಿಸಬೇಕು. ಒಂದೇ ಊರಿನ ಒಂದು ಮನೆಯಲ್ಲಿ ಅದು ದೇವರು, ಪಕ್ಕದ ಮನೆಯಲ್ಲಿ ಮೇಲೋಗರ.

ತಹೀತಿಯ ಪ್ರತೀಕ ಇದಕ್ಕಿಂತ ಗಂಭೀರವಾದುದು. ತೆಉಯಿರಾ ಹೆನ್ರಿ ಎಂಬಾಕೆ ತನ್ನ ಅಜ್ಜ, ಮಿಷನರಿ ಆರ್ಸ್‌ಮಂಡ್ ಬರೆದಿಟ್ಟ ಟಿಪ್ಪಣಿಗಳಿಂದ ಸಂಪಾದಿಸಿದ, 1928ರಲ್ಲಿ ಪ್ರಕಟವಾದ ‘ಪ್ರಾಚೀನ ತಹೀತಿ’ ಎಂಬ ಬೃಹದ್ಗ್ರಂಥದಲ್ಲಿ ಆ ಸೃಷ್ಟಿಕಥೆಯಿದೆ. ಆದಿಯಲ್ಲಿ ತಾಅರೋವ ಚಿಪ್ಪೊಂದರೊಳಗೆ ಒಂಟಿಯಾಗಿದ್ದ. ಚಿಪ್ಪನ್ನು ಒಡೆದು ಬಂದು ಜಗತ್ತನ್ನು ಮಾಡಿದ. ಆದರೆ ಆಕಾಶ ನೆಲಕ್ಕೆ ಅಂಟಿಕೊಂಡೇ ಇತ್ತು. ತುಮು-ರಾಇ-ಫೆನುವ ಎಂಬ ಮಹಾ ಆಕ್ಟೋಪಸ್ ತನ್ನ ತೋಳುಗಳಿಂದ ಎರಡನ್ನೂ ಬಿಗಿಯಾಗಿ ಹಿಡಿದಿತ್ತು. ಬುಡ, ಆಕಾಶ, ನೆಲ ಎಂಬ ಮೂರು ಪದಗಳು ಕೂಡಿ ಆದ ಹೆಸರು ಅದು. ನಡುವೆ ಬೆಳಕಿಗೆ ಎಡೆಯಿಲ್ಲ. ಮಂತ್ರದಿಂದ ಅದನ್ನು ಕೊಂದರು. ಸತ್ತರೂ ಅದರ ಹಿಡಿತ ಸಡಿಲವಾಗಲಿಲ್ಲ. ಮುಂದೆ ಬೇರೆ ಬೇರೆಯವರು ಸಾಹಸಪಟ್ಟು ಆಕಾಶವನ್ನು ಮೇಲಕ್ಕೆ ಎತ್ತಬೇಕಾಯಿತು.

ಸತ್ತರೂ ಬಿಡದ ಹಿಡಿತ! ಇದರಲ್ಲಿ ಬರಿಯ ಕಲ್ಪನೆಯಿಲ್ಲ, ಬೆಸ್ತನ ಕಣ್ಣಿದೆ. ಆಕ್ಟೋಪಸ್ಸಿನ ನರಕೋಶಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಲೆಯಲ್ಲಿಲ್ಲ, ತೋಳುಗಳಲ್ಲಿವೆ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಕತ್ತರಿಸಿದ ತೋಳು ಕೂಡ ಕೆಲ ಹೊತ್ತು ಹಿಡಿಯುತ್ತದೆ. ಅದನ್ನು ಕೈಯಿಂದ ಬಿಡಿಸಿಕೊಂಡವನಿಗೆ ಶಾಸ್ತ್ರದ ಅಗತ್ಯವಿಲ್ಲ. ಪ್ರತೀಕ ಆಕಾಶಕ್ಕೆ ಏರಿದರೂ ಅದರ ಬೇರು ಮುಂಗೈಯ ಮೇಲಿನ ಗಾಯದಲ್ಲಿದೆ ಎಂಬುದೇ ಈ ಕಥೆಯ ಬಲ.

ಹೋಲಿಕೆ ಇಲ್ಲಿ ನಮ್ಮನ್ನು ಮತ್ತೆ ಎಳೆಯುತ್ತದೆ. ನಮ್ಮಲ್ಲಿಯೂ ಭೂಮಿಯನ್ನು ಹೊತ್ತ ಆದಿಶೇಷನಿದ್ದಾನೆ, ಮಂದರವನ್ನು ಹೊತ್ತ ಕೂರ್ಮನಿದ್ದಾನೆ. ಎಲ್ಲವೂ ಒಂದೇ ಎನ್ನೋಣವೇ? ಕೂಡದು. ಶೇಷನ ಕೆಲಸ ಹೊರುವುದು. ಅವನು ಬಿಟ್ಟರೆ ಲೋಕ ಉಳಿಯದು. ತಹೀತಿಯ ಆಕ್ಟೋಪಸ್ಸಿನ ಕೆಲಸ ಹಿಡಿಯುವುದು. ಅದು ಬಿಡದೆ ಇದ್ದರೆ ಲೋಕ ಆರಂಭವಾಗದು. ಒಂದರಲ್ಲಿ ಆಧಾರ, ಇನ್ನೊಂದರಲ್ಲಿ ಬಂಧನ. ಈ ಭೇದವನ್ನು ಮರೆತು ಮಾಡುವ ತೌಲನಿಕ ಅಧ್ಯಯನದಿಂದ ಎರಡು ಸಾಹಿತ್ಯಗಳಿಗೂ ಲಾಭವಿಲ್ಲ.

ಮಾವೊರಿ ಜನರ ಕುಪೆಯ ಕಥೆಯಲ್ಲಿ ಈ ಜೀವಿಗೆ ಒಂದು ಯಾತ್ರೆಯ ಕರ್ತವ್ಯ ಬಂದಿದೆ. ಹವಾಇಕಿ ಎಂಬ ಮೂಲನಾಡಿನಲ್ಲಿ ಕುಪೆಯ ಜನರು ಮೀನು ಹಿಡಿಯಲು ಕಟ್ಟಿದ ಎರೆಯನ್ನೆಲ್ಲ ಒಂದು ಆಕ್ಟೋಪಸ್ ಕದಿಯುತ್ತಿತ್ತು. ಅದು ಮುತುರಂಗಿ ಎಂಬವನ ಸಾಕುಪ್ರಾಣಿ. ದೂರು ಹೇಳಿದರೆ ಅವನು ಕೇಳಲಿಲ್ಲ. ಕುಪೆ ದೋಣಿಯೇರಿ ಅದರ ಬೆನ್ನುಹತ್ತಿದ. ಅದು ಓಡುತ್ತ ಓಡುತ್ತ ಮಹಾಸಾಗರವನ್ನೇ ದಾಟಿತು. ಅಟ್ಟಿಸಿಕೊಂಡು ಹೋದವನಿಗೆ ಹೊಸ ನಾಡೊಂದು ಕಂಡಿತು. ಅದೇ ಇಂದಿನ ನ್ಯೂಜಿಲೆಂಡ್. ಎರಡು ದೊಡ್ಡ ದ್ವೀಪಗಳ ನಡುವಣ ಜಲಸಂಧಿಯ ಬಳಿ ಕುಪೆ ಅದನ್ನು ಕೊಂದ. ಅದರ ಕಣ್ಣುಗಳು ‘ಙಾ ವ್ಹಾತು’ ಎಂಬ ಬಂಡೆದ್ವೀಪಗಳಾದುವು. ಇಂಗ್ಲಿಷ್ ನಕ್ಷೆಯಲ್ಲಿ ಅವಕ್ಕೆ ‘ಬ್ರದರ್ಸ್’ ಎಂದು ಹೆಸರು. ಹಿಂದೆ ಆ ಜಲಸಂಧಿಯನ್ನು ಮೊದಲ ಬಾರಿ ದಾಟುವವರು ಆ ಬಂಡೆಗಳನ್ನು ನೋಡಬಾರದೆಂದು ಕಣ್ಣುಗಳನ್ನು ಮರೆಮಾಡಿಕೊಳ್ಳುತ್ತಿದ್ದರು. ನೋಡಿದರೆ ದೋಣಿಗೆ ಕೇಡು.

ತಹೀತಿಯಲ್ಲಿ ಸತ್ತ ಮೇಲೂ ಹಿಡಿದ ತೋಳು. ಇಲ್ಲಿ ಸತ್ತ ಮೇಲೂ ನೋಡುವ ಕಣ್ಣು. ನನ್ನ ತರಗತಿಯ ಆ ‘ಸಾಕ್ಷಿ’ ನಿಜವಾಗಿ ಎಲ್ಲಿಯಾದರೂ ಇದ್ದರೆ ಇಲ್ಲಿದ್ದಾನೆ ಎಂದು ನನಗನ್ನಿಸಿತು. ಆದರೆ ಇವನು ಹಿಂದಿನ ಲೋಕದಿಂದ ಉಳಿದುಬಂದ ತತ್ತ್ವಜ್ಞಾನಿಯಲ್ಲ. ನಾವೇ ಕೊಂದವನು, ನಾವು ದಾಟಲೇಬೇಕಾದ ದಾರಿಯಲ್ಲಿ ಕಣ್ಣು ತೆರೆದು ಕುಳಿತವನು. ಹೊಸ ನಾಡನ್ನು ಕಂಡ ಸಂತೋಷದ ಅಡಿಯಲ್ಲಿ ಒಂದು ಕೊಲೆಯ ನೆನಪಿದೆ. ಆ ನೆನಪಿಗೆ ಜನ ಮುಖ ಮುಚ್ಚಿ ಗೌರವ ಸಲ್ಲಿಸುತ್ತಿದ್ದರು. ಪುಸ್ತಕವಿಲ್ಲದ ಕಾಲದಲ್ಲಿ ಕಡಲತೀರದ ಬಂಡೆಗಳೇ ಪುಟಗಳಾಗಿದ್ದುವು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇಲ್ಲಿಯೂ ವಿದ್ವಾಂಸರ ಕೈಚಳಕ ನಡೆದಿದೆ. ಪರ್ಸಿ ಸ್ಮಿತ್ ಎಂಬವರು ಹಲವು ಹೇಳಿಕೆಗಳನ್ನು ಹೊಲಿದು, ಕುಪೆ ಬಂದದ್ದು ಕ್ರಿ.ಶ. 925ರಲ್ಲಿ ಎಂದು ನಿಗದಿಮಾಡಿದರು. ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. 1976ರಲ್ಲಿ ಡೇವಿಡ್ ಸಿಮನ್ಸ್ ಮೂಲಗಳನ್ನು ಒಂದೊಂದಾಗಿ ಪರೀಕ್ಷಿಸಿ, ಆ ಜೋಡಣೆ ಬೇರೆ ಬೇರೆ ಬುಡಕಟ್ಟುಗಳ ಮಾತುಗಳನ್ನು ಕಲಸಿ ಮಾಡಿದ್ದೆಂದು ತೋರಿಸಿದರು. ಇಸವಿ ಬಿದ್ದುಹೋಯಿತು, ಕಥೆ ಬೀಳಲಿಲ್ಲ. ಬಂಡೆಗಳು ಅಲ್ಲಿಯೇ ಇವೆ, ಅವುಗಳ ಹೆಸರೂ ಇದೆ. ಮೂಲಶೋಧನೆಯಿಂದ ಪುರಾಣ ನಾಶವಾಗುತ್ತದೆಂದು ಹೆದರುವವರಿಗೆ ಇದು ಸಮಾಧಾನ ಕೊಡಬೇಕು.

ಯೂರೋಪ್, ಅಮೆರಿಕಗಳ ಸಾಹಿತ್ಯದಲ್ಲಿ ಇದೇ ಪ್ರಾಣಿಗೆ ಒದಗಿದ ಗತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವಿಕ್ಟರ್ ಹ್ಯೂಗೊ 1866ರಲ್ಲಿ ಪ್ರಕಟಿಸಿದ ‘ಕಡಲಿನ ಕಾರ್ಮಿಕರು’ ಕಾದಂಬರಿಯಲ್ಲಿ ಅದು ಗುಹೆಯಲ್ಲಿ ಕಾದಿರುವ ಘೋರಸತ್ತ್ವ. 1877ರಲ್ಲಿ ಫ್ರೆಡ್ ರೋಸ್ ಬರೆದ ಹಾಸ್ಯನಕ್ಷೆಯಲ್ಲಿ ಅದು ಯೂರೋಪಿನ ಮೇಲೆ ತೋಳು ಚಾಚಿದ ರಷ್ಯ. ಫ್ರಾಂಕ್ ನಾರಿಸ್ 1901ರಲ್ಲಿ ‘ಆಕ್ಟೋಪಸ್’ ಎಂದು ಹೆಸರಿಟ್ಟ ಕಾದಂಬರಿಯಲ್ಲಿ ಅದು ರೈತರ ಕತ್ತು ಹಿಸುಕುವ ರೈಲ್ವೆ. 1904ರ ಪ್ರಸಿದ್ಧ ವ್ಯಂಗ್ಯಚಿತ್ರವೊಂದರಲ್ಲಿ ಅದು ಎಣ್ಣೆಯ ಏಕಸ್ವಾಮ್ಯ. ಎಲ್ಲೆಡೆಯೂ ಒಂದೇ ಅರ್ಥ: ಹಿಡಿದು ಹೀರುವ ಶಕ್ತಿ. ನಮ್ಮ ಪತ್ರಿಕೆಗಳ ಅಗ್ರಲೇಖನಗಳಲ್ಲಿ ಭ್ರಷ್ಟಾಚಾರ ‘ಆಕ್ಟೋಪಸ್ಸಿನಂತೆ ಕಬಂಧಬಾಹು ಚಾಚಿದೆ’ ಎಂದು ಬರೆಯುವಾಗ ನಾವು ಸಾಲ ಪಡೆದಿರುವುದು ಇದೇ ಅಂಗಡಿಯಿಂದ. ಒಂದೇ ಅರ್ಥಕ್ಕೆ ನಿಂತ ಪ್ರತೀಕ ಪ್ರತೀಕವಾಗಿ ಉಳಿಯುವುದಿಲ್ಲ, ನಾಮಫಲಕವಾಗುತ್ತದೆ.

ಪಾಲಿನೇಷ್ಯದವರು ತಮ್ಮ ಪ್ರತೀಕವನ್ನು ನಾಮಫಲಕವಾಗಲು ಬಿಟ್ಟಿಲ್ಲ. ಕುಪೆ ಕೊಂದ ಅದೇ ವ್ಹೆಕೆಯನ್ನು ಮಾವೊರಿ ವಿದುಷಿ ರಂಗಿಮಾರಿಯೆ ರೋಸ್ ಪೆರೆ 1980ರ ದಶಕದಲ್ಲಿ ಕುಟುಂಬದ ಆರೋಗ್ಯದ ಪ್ರತೀಕವಾಗಿ ಮಾಡಿದರು. 1991ರಲ್ಲಿ ಅದನ್ನು ಪುಸ್ತಕವಾಗಿಯೂ ತಂದರು. ಅದರಲ್ಲಿ ತಲೆಯೆಂದರೆ ಇಡೀ ಕುಟುಂಬ. ಕಣ್ಣುಗಳೆಂದರೆ ಒಬ್ಬನ ಮತ್ತು ಎಲ್ಲರ ಕ್ಷೇಮ. ಎಂಟು ತೋಳುಗಳೆಂದರೆ ಆತ್ಮ, ಮನಸ್ಸು, ದೇಹ, ಬಂಧುತ್ವ, ಜೀವಶಕ್ತಿ, ತನ್ನತನ, ಹಿರಿಯರ ಉಸಿರು, ಭಾವನೆ. ತೋಳುಗಳು ಒಂದರೊಡನೊಂದು ಹೆಣೆದುಕೊಂಡಿವೆ. ಒಂದು ನೊಂದರೆ ಉಳಿದವೂ ನೋಯುತ್ತವೆ. ಹಿಡಿತವೆಂಬ ಹಳೆಯ ಗುಣವೇ ಇಲ್ಲಿ ಆಸರೆಯಾಗಿದೆ. ಪರಂಪರೆಯನ್ನು ಮುರಿಯದೆ ಅರ್ಥವನ್ನು ತಿರುಗಿಸುವುದೆಂದರೆ ಇದು.

ಇನ್ನೊಂದು ರೂಪ ನಕ್ಷೆಯದು. ತಹೀತಿಯ ಬಳಿಯ ರಾಇಯಾತೇಯ ದ್ವೀಪದಲ್ಲಿ ತಪುತಪುಆತೆಯ ಎಂಬ ಕಲ್ಲುಹಾಸಿನ ಪುರಾತನ ದೇವಸ್ಥಾನವಿದೆ. 2017ರಲ್ಲಿ ಅದು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪಾಲಿನೇಷ್ಯವೇ ಒಂದು ಆಕ್ಟೋಪಸ್, ಅದರ ತಲೆ ಇಲ್ಲಿದೆ, ತೋಳುಗಳು ಹವಾಯಿ, ನ್ಯೂಜಿಲೆಂಡ್, ರಾಪಾ ನುಯಿಗಳವರೆಗೆ ಚಾಚಿವೆ ಎಂದು ಆ ಜನ ಹೇಳುತ್ತಾರೆ. 1976ರಲ್ಲಿ ‘ಹೋಕುಲೆಅ’ ಎಂಬ ಜೋಡಿದೋಣಿ ಯಾವ ಯಂತ್ರೋಪಕರಣವೂ ಇಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ನೋಡಿಕೊಂಡು ಹವಾಯಿಯಿಂದ ತಹೀತಿಗೆ ಬಂದಿತು. 1995ರಲ್ಲಿ ಬೇರೆ ಬೇರೆ ದ್ವೀಪಗಳ ದೋಣಿಗಳು ತಪುತಪುಆತೆಯದಲ್ಲಿ ಸೇರಿದುವು. ತೋಳುಗಳು ತಲೆಯನ್ನು ಮತ್ತೆ ಕಂಡವು ಎನ್ನಬಹುದು.

ತೊಂಗದ ಲೇಖಕ ಎಪೆಲಿ ಹಾವುಒಫ 1993ರಲ್ಲಿ ಬರೆದ ‘ನಮ್ಮ ದ್ವೀಪಗಳ ಸಮುದ್ರ’ ಎಂಬ ಪ್ರಬಂಧವನ್ನು ಇದರ ಜೊತೆಯಲ್ಲಿ ಓದಬೇಕು. ದೂರದ ಸಮುದ್ರದಲ್ಲಿ ಚದರಿದ ಪುಟ್ಟ ದ್ವೀಪಗಳು ಎಂದು ಹೊರಗಿನವರು ನೋಡುತ್ತಾರೆ. ಆದರೆ ಆ ಜನರ ಪಾಲಿಗೆ ಕಡಲು ಗೋಡೆಯಲ್ಲ, ಅದೇ ಅವರ ಮನೆ ಎಂಬುದು ಅವರ ವಾದ. ಆ ಮಾತಿನ ಬೆಳಕಿನಲ್ಲಿ ನೋಡಿದಾಗ ಆಕ್ಟೋಪಸ್ ನಕ್ಷೆಯ ಔಚಿತ್ಯ ಗೊತ್ತಾಗುತ್ತದೆ. ನಮ್ಮ ಭೂಪಟದಲ್ಲಿ ದ್ವೀಪಗಳೆಂದರೆ ನೀಲಿಯ ಮೇಲಿನ ಚುಕ್ಕಿಗಳು. ಅವರದರಲ್ಲಿ ಚುಕ್ಕಿಗಳ ನಡುವಣ ನೀಲಿಯೇ ಜೀವಂತ ಶರೀರ.

ಎರಡು ತಿಂಗಳ ಓದಿನಿಂದ ನನಗೆ ದೊರೆತ ಪಾಠ ಸರಳವಾದುದು. ಪರರ ಪ್ರತೀಕವೊಂದು ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ವಾಕ್ಯ ಯಾರದು? ಆ ಭಾಷೆಯಲ್ಲಿ ಈ ಪದ ಇನ್ನೇನೇನು ಹೇಳುತ್ತದೆ? ಅಲ್ಲಿನ ಜನ ಈ ಪ್ರತೀಕವನ್ನು ಹಿಡಿದು ಏನು ಮಾಡುತ್ತಾರೆ—ಗಾಳ ಕಟ್ಟುತ್ತಾರೆಯೆ, ಕಣ್ಣು ಮುಚ್ಚಿಕೊಳ್ಳುತ್ತಾರೆಯೆ, ರೋಗಿಯ ಬಳಿಗೆ ತರುತ್ತಾರೆಯೆ? ಈ ಮೂರನ್ನು ಕೇಳದೆ ಮೆಚ್ಚಿದ ಮೆಚ್ಚಿಕೆ, ಎಷ್ಟೇ ಪ್ರಾಮಾಣಿಕವಾಗಿರಲಿ, ನಮ್ಮ ಮುಖವನ್ನೇ ಅವರ ನೀರಿನಲ್ಲಿ ನೋಡಿಕೊಂಡಂತೆ.

ಮೊನ್ನೆ ತರಗತಿಯಲ್ಲಿ ಇದನ್ನೆಲ್ಲ ಹೇಳಿ, ಹತ್ತು ವರ್ಷ ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಆ ಹತ್ತು ವರ್ಷಗಳ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಾವೂ ಪಾಠ ಹೇಳುತ್ತಿದ್ದಾರೆ. ಆ ಒಂಟಿ ಆಕ್ಟೋಪಸ್ ಯಾವ ಯಾವ ಊರಿನ ಯಾವ ತರಗತಿಯಲ್ಲಿ ಈಜುತ್ತಿದೆಯೋ ಯಾರು ಬಲ್ಲರು? ಅವರಲ್ಲ್ಯಾರಾದರೂ ಈ ಪುರವಣಿಯನ್ನು ಓದಿಯಾರೆಂಬ ಆಸೆಯಿಂದಲೇ ಇದನ್ನು ಬರೆದೆ. ಹಿಂದಿನ ಬೆಂಚಿನ ಹುಡುಗಿ ಏನಾದರೂ ಹೇಳುತ್ತಾಳೆಂದು ಕಾದೆ. ಅವಳು ಪುಸ್ತಕದಿಂದ ತಲೆಯೆತ್ತಿ, “ಸಾರ್, ಮಾವೊರಿ ಕಥೇಲಿ ಮುತುರಂಗಿಗೆ ಆಮೇಲೆ ಏನಾಯ್ತು?” ಎಂದು ಕೇಳಿದಳು. “ನಾಳೆ ಹೇಳುತ್ತೇನಮ್ಮ” ಎಂದಿದ್ದೇನೆ.